ಬಿಲ್ ಮೊದಲು, ನೆರವು ಆಮೇಲೆ: ಭಾರತದಿಂದ ದತ್ತು ಪಡೆಯುವ ಅಮೆರಿಕದ ಕ್ರೈಸ್ತ ಕುಟುಂಬದ ಹಣದ ಲೆಕ್ಕ

ದಂಪತಿ ಪ್ರಾರ್ಥಿಸಿ ತೀರ್ಮಾನಕ್ಕೆ ಬರುತ್ತಾರೆ. ಭಾನುವಾರದ ಆರಾಧನೆಯಲ್ಲಿ ಪಾಸ್ಟರ್ ಅದನ್ನು ಸಭೆಗೆ ತಿಳಿಸಿ ಹರಸುತ್ತಾರೆ. ಮುಂದಿನ ವಾರ ದತ್ತು ಏಜೆನ್ಸಿಯ ಶುಲ್ಕಪಟ್ಟಿ ಕೈಗೆ ಬರುತ್ತದೆ. ವಿದೇಶದಿಂದ ಒಂದು ಮಗುವನ್ನು ದತ್ತು ಪಡೆಯಲು ಅಮೆರಿಕದ ಏಜೆನ್ಸಿಗಳು ಕೊಡುವ ಅಂದಾಜು ಸಾಮಾನ್ಯವಾಗಿ 30,000ದಿಂದ 50,000 ಡಾಲರ್. ಮಧ್ಯಮ ವರ್ಗದ ಹಲವು ಕುಟುಂಬಗಳು ಆ ಅಂಕಿ ನೋಡಿಯೇ ಹಿಂದೆ ಸರಿಯುತ್ತವೆ. ಇನ್ನು ಕೆಲವರು ದೇವರು ಒದಗಿಸುತ್ತಾನೆಂದು ಲೆಕ್ಕ ಹಾಕದೆಯೇ ಮೊದಲ ಕಂತು ಕಟ್ಟಿಬಿಡುತ್ತಾರೆ. ಇಬ್ಬರೂ ನೋಡಿದ್ದು ಒಟ್ಟು ಮೊತ್ತವನ್ನು ಮಾತ್ರ. ಕುಟುಂಬಕ್ಕೆ ನಿಜವಾಗಿ ಕಷ್ಟ ಕೊಡುವುದು ದಿನಾಂಕಗಳು. ದೊಡ್ಡ ಬಿಲ್‌ಗಳು ಮಗು ಮನೆಗೆ ಬರುವ ಮೊದಲೇ ಬರುತ್ತವೆ. ದೊಡ್ಡ ನೆರವು, ಅಂದರೆ ಕಟ್ಟಬೇಕಾದ ಆದಾಯ ತೆರಿಗೆಯಲ್ಲಿ ಸರ್ಕಾರ ಕಳೆದುಕೊಡುವ ತೆರಿಗೆ ಕ್ರೆಡಿಟ್, ಮಗು ಬಂದ ಮೇಲಿನ ವರ್ಷ ಕೈ ಸೇರುತ್ತದೆ. ನಡುವಿನ ಆ ಒಂದೆರಡು ವರ್ಷವನ್ನು ಹೇಗೆ ದಾಟುವುದು ಎಂಬುದಕ್ಕೆ ಉತ್ತರ ಸಿಕ್ಕರೆ ಲೆಕ್ಕದ ಬಹುಪಾಲು ಮುಗಿದಂತೆ.

ಇಲ್ಲಿ ಭಾರತವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಲು ಕಾರಣವಿದೆ. 2004ರಲ್ಲಿ ಅಮೆರಿಕದ ಕುಟುಂಬಗಳು ಸುಮಾರು 23,000 ಮಕ್ಕಳನ್ನು ವಿದೇಶಗಳಿಂದ ದತ್ತು ತಂದಿದ್ದವು. 2023ರ ಹಣಕಾಸು ವರ್ಷದಲ್ಲಿ ಆ ಸಂಖ್ಯೆ 1,300ಕ್ಕೂ ಕೆಳಗಿಳಿಯಿತು. ಗ್ವಾಟೆಮಾಲಾ 2008ರಲ್ಲಿ, ರಷ್ಯಾ 2013ರಲ್ಲಿ, ಇಥಿಯೋಪಿಯಾ 2018ರಲ್ಲಿ ಬಾಗಿಲು ಮುಚ್ಚಿದವು. 2024ರಲ್ಲಿ ಚೀನಾವೂ ಮುಚ್ಚಿತು. ಬೆಥನಿ ಕ್ರಿಶ್ಚಿಯನ್ ಸರ್ವಿಸಸ್‌ನಂಥ ದೊಡ್ಡ ಕ್ರೈಸ್ತ ಸಂಸ್ಥೆಯೇ ವಿದೇಶಿ ದತ್ತು ಕೆಲಸ ನಿಲ್ಲಿಸುವುದಾಗಿ 2020ರಲ್ಲಿ ಹೇಳಿತು. ಉಳಿದಿರುವ ಮುಖ್ಯ ದೇಶಗಳೆಂದರೆ ಕೊಲಂಬಿಯಾ ಮತ್ತು ಭಾರತ. ಏಜೆನ್ಸಿ ನಡೆಸುವ ಸ್ಥಿರ ಖರ್ಚು ಮಾತ್ರ ಅಷ್ಟೇ ಇದ್ದು, ಈಗ ಅದನ್ನು ಕೆಲವೇ ಕುಟುಂಬಗಳು ಹೊರಬೇಕು. ಶುಲ್ಕ ಏರಲು ಇದೂ ಒಂದು ಕಾರಣ.

ಒಂದು ಮಾದರಿ ಲೆಕ್ಕ ಹಾಕೋಣ. ಏಜೆನ್ಸಿಯಿಂದ ಏಜೆನ್ಸಿಗೆ, ರಾಜ್ಯದಿಂದ ರಾಜ್ಯಕ್ಕೆ ಅಂಕಿಗಳು ಬದಲಾಗುತ್ತವೆ, ಕ್ರಮ ಮಾತ್ರ ಹೆಚ್ಚು ಬದಲಾಗುವುದಿಲ್ಲ. ಮೊದಲು ಹೋಮ್ ಸ್ಟಡಿ: ಸಮಾಜ ಕಾರ್ಯಕರ್ತರು ಮನೆಗೆ ಬಂದು ಆದಾಯ, ಸಾಲ, ಆರೋಗ್ಯ, ದಾಂಪತ್ಯ, ಪೊಲೀಸ್ ದಾಖಲೆ ಎಲ್ಲವನ್ನೂ ನೋಡಿ ಬರೆಯುವ ವರದಿ. ಇದಕ್ಕೆ 3,000 ಡಾಲರ್ ಇಟ್ಟುಕೊಳ್ಳಿ. ಪೋಷಕರ ಕಡ್ಡಾಯ ತರಬೇತಿ, ವೈದ್ಯಕೀಯ ಪತ್ರಗಳು, ನೋಟರಿ, ಅಪೊಸ್ಟಿಲ್ (ದಾಖಲೆ ವಿದೇಶದಲ್ಲಿ ಸಲ್ಲಲು ಬೇಕಾದ ಸರ್ಕಾರಿ ದೃಢೀಕರಣ) ಸೇರಿ 1,500. ವಿದೇಶದಿಂದ ದತ್ತು ಪಡೆಯಲು ದಂಪತಿ ಅರ್ಹರೆಂಬ ಅನುಮೋದನೆಗಾಗಿ ಅಮೆರಿಕದ ವಲಸೆ ಇಲಾಖೆಗೆ ಸಲ್ಲಿಸುವ ಐ-800ಎ ಅರ್ಜಿಗೆ 2024ರ ಏಪ್ರಿಲ್‌ನಿಂದ 920 ಡಾಲರ್. ಏಜೆನ್ಸಿಯ ಮೊದಲ ಕಂತು 7,000. ಇಲ್ಲಿಗೆ 12,420 ಡಾಲರ್ ಖರ್ಚಾಗಿದೆ, ಮಗು ಯಾರೆಂಬುದೇ ಇನ್ನೂ ಗೊತ್ತಿಲ್ಲ. ಮಗು ನಿಗದಿಯಾದ ಬಳಿಕ ಏಜೆನ್ಸಿಯ ಎರಡನೇ ಕಂತು 9,000. ಭಾರತದ ನಿಯಮಾವಳಿ ನಿಗದಿಪಡಿಸಿದ ಶಿಶುಪಾಲನಾ ನಿಧಿಗೆ 5,000, ಅಂದರೆ ನಾಲ್ಕು ಲಕ್ಷ ರೂಪಾಯಿಗೂ ಮಿಕ್ಕಿ. ಹೋಗುವಾಗ ಇಬ್ಬರು, ಬರುವಾಗ ಮೂವರು, ಎರಡು-ಮೂರು ವಾರದ ವಾಸ್ತವ್ಯ: 9,000. ಮಗುವಿನ ಪಾಸ್‌ಪೋರ್ಟ್, ವೈದ್ಯಕೀಯ ತಪಾಸಣೆ, 325 ಡಾಲರ್‌ನ ವೀಸಾ ಶುಲ್ಕ ಸೇರಿ 700. ಮನೆಗೆ ಬಂದ ಮೇಲಿನ ಅನುಸರಣಾ ವರದಿಗಳಿಗೆ 2,400, ಇದನ್ನು ಹಲವು ಏಜೆನ್ಸಿಗಳು ಮುಂಗಡವಾಗಿಯೇ ಕಟ್ಟಿಸಿಕೊಳ್ಳುತ್ತವೆ. ಒಟ್ಟು 38,520 ಡಾಲರ್, 30 ಲಕ್ಷ ರೂಪಾಯಿ ದಾಟಿದ ಮೊತ್ತ.

ಅಮೆರಿಕದ ಕಾನೂನಿನ ಪ್ರಕಾರ ಮಾನ್ಯತೆ ಪಡೆದ ಏಜೆನ್ಸಿ ಒಪ್ಪಂದಕ್ಕೆ ಮುನ್ನವೇ ಈ ಪ್ರತಿಯೊಂದು ಬಾಬತ್ತನ್ನೂ ಬಿಡಿಬಿಡಿಯಾಗಿ ಬರೆದು ಕೊಡಬೇಕು. ಹಾಗೆ ಬರೆದುಕೊಡದ, ಅಥವಾ 'ವಿದೇಶಿ ಕಾರ್ಯಕ್ರಮ ವೆಚ್ಚ' ಎಂದು ಒಂದೇ ಸಾಲಿನಲ್ಲಿ ದೊಡ್ಡ ಮೊತ್ತ ತೋರಿಸುವ ಏಜೆನ್ಸಿಗೆ ಸಹಿ ಹಾಕಬೇಡಿ. ಪ್ರಕ್ರಿಯೆ ಅರ್ಧಕ್ಕೆ ನಿಂತರೆ ಯಾವ ಕಂತು ವಾಪಸ್ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದನ್ನೂ ಬರಹದಲ್ಲೇ ಕೇಳಿ.

ಅಂದಾಜು ಮೀರುವುದಕ್ಕೆ ಕಾರಣ ಹೆಚ್ಚಾಗಿ ಕಾಲಾವಧಿ. ಐ-800ಎ ಸಲ್ಲಿಸುವ ದಿನ ಹೋಮ್ ಸ್ಟಡಿ ಆರು ತಿಂಗಳಿಗಿಂತ ಹಳೆಯದಾಗಿರಬಾರದು. ಸಿಕ್ಕ ಅನುಮೋದನೆ 15 ತಿಂಗಳು ಬಾಳುತ್ತದೆ. ಈ ನಡುವೆ ಮನೆ ಬದಲಾದರೆ, ಕೆಲಸ ಹೋದರೆ, ಹೆಂಡತಿ ಗರ್ಭಿಣಿಯಾದರೆ ವರದಿ ತಿದ್ದಬೇಕು, ತಿದ್ದುಪಡಿಗೆ ಮತ್ತೆ ಶುಲ್ಕ. ಎರಡನೆಯ ಹೊಡೆತ ಭಾರತದಲ್ಲಿ, ಟಿಬಿ ತಪಾಸಣೆಯಿಂದ. ಎರಡು ವರ್ಷ ದಾಟಿದ ಮಗುವಿಗೆ ವೀಸಾ ವೈದ್ಯಕೀಯದಲ್ಲಿ ರಕ್ತಪರೀಕ್ಷೆ ಮಾಡುತ್ತಾರೆ. ಅದು ಪಾಸಿಟಿವ್ ಬಂದು, ಎಕ್ಸ್‌ರೇಯಲ್ಲೂ ಅನುಮಾನ ಉಳಿದರೆ ಕಫದ ಕಲ್ಚರ್ ಪರೀಕ್ಷೆಗೆ ಕಳಿಸುತ್ತಾರೆ. ಅದರ ಫಲಿತಾಂಶಕ್ಕೆ ಎಂಟು ವಾರ. ಟಿಕೆಟ್ ಬದಲಾವಣೆ, ಹೋಟೆಲ್, ಒಬ್ಬರ ಸಂಬಳವಿಲ್ಲದ ರಜೆ ಎಲ್ಲವೂ ಒಟ್ಟಿಗೆ ಮೇಲೆ ಬೀಳುತ್ತದೆ. ದಿನಾಂಕ ಬದಲಾಯಿಸಬಹುದಾದ ಟಿಕೆಟ್ಟನ್ನೇ ಕೊಳ್ಳಿ, ಪ್ರಯಾಣದ ಬಾಬತ್ತಿಗೆ ಕನಿಷ್ಠ 3,000 ಡಾಲರ್ ಹೆಚ್ಚುವರಿ ಇಟ್ಟುಕೊಳ್ಳಿ. ಮಗು ಬೆಂಗಳೂರಿನ ಕೇಂದ್ರದಲ್ಲಿದ್ದರೂ ದತ್ತು ವೀಸಾಕ್ಕೆ ದೆಹಲಿಯ ರಾಯಭಾರ ಕಚೇರಿಗೇ ಹೋಗಬೇಕು ಎಂಬುದೂ ಪ್ರಯಾಣದ ಲೆಕ್ಕದಲ್ಲಿರಲಿ.

ಅರ್ಹತೆಯನ್ನು ಮೊದಲ ಡಾಲರ್ ಕಟ್ಟುವ ಮುನ್ನವೇ ನೋಡಿಕೊಳ್ಳಬೇಕು. ಭಾರತದ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ, ಅಂದರೆ ಕಾರಾದ, 2022ರ ನಿಯಮಾವಳಿಯಲ್ಲಿ ಇಬ್ಬರು ಅಥವಾ ಹೆಚ್ಚು ಮಕ್ಕಳಿರುವ ದಂಪತಿಗೆ ವಿಶೇಷ ಅಗತ್ಯವುಳ್ಳ ಅಥವಾ ಮನೆ ಸಿಗುವುದು ಕಷ್ಟವಾದ ಮಕ್ಕಳನ್ನು ಮಾತ್ರ ಕೊಡಬಹುದು. ಹಿಂದೆ ಈ ಮಿತಿ ಮೂವರು ಮಕ್ಕಳಿಗಿತ್ತು. ಮೂರು-ನಾಲ್ಕು ಮಕ್ಕಳಿರುವ ಮನೆಗಳೇ ಹೆಚ್ಚಾಗಿ ಮುಂದೆ ಬರುವ ಇವಾಂಜೆಲಿಕಲ್ ಸಭೆಗಳಿಗೆ ಇದು ನೇರವಾಗಿ ತಟ್ಟುತ್ತದೆ. ದಂಪತಿಯ ವಯಸ್ಸಿನ ಮೊತ್ತಕ್ಕೂ ಮಿತಿಯಿದೆ: ಎರಡು ವರ್ಷದೊಳಗಿನ ಮಗುವಿಗೆ 85, ನಾಲ್ಕರೊಳಗೆ 90, ಎಂಟರೊಳಗೆ 100, ಹದಿನೆಂಟರೊಳಗೆ 110. ಮದುವೆಯಾಗಿ ಕನಿಷ್ಠ ಎರಡು ವರ್ಷವಾಗಿರಬೇಕು.

ಸಭೆಯ ಕಾಣಿಕೆ, ತೆರಿಗೆಯ ಕಾನೂನು

ಕ್ರೈಸ್ತ ಕುಟುಂಬಕ್ಕೆ ಬೇರೆಯವರಿಗಿಲ್ಲದ ಒಂದು ಬಲವಿದೆ, ಹಿಂದೆ ನಿಲ್ಲುವ ಸಭೆ. ತಪ್ಪು ನಡೆಯುವುದೂ ಹೆಚ್ಚಾಗಿ ಅಲ್ಲೇ. ಸಭೆಯ ಸದಸ್ಯರೊಬ್ಬರು 'ಇದು ಇಂಥ ಕುಟುಂಬದ ದತ್ತಿಗೆ' ಎಂದು ಚೆಕ್ಕಿನ ಮೇಲೆ ಬರೆದು ಚರ್ಚಿಗೆ ಕೊಡುತ್ತಾರೆ, ಚರ್ಚ್ ಅದನ್ನು ಹಾಗೆಯೇ ಕುಟುಂಬಕ್ಕೆ ದಾಟಿಸುತ್ತದೆ, ವರ್ಷದ ಕೊನೆಗೆ ದಾನಿಗೆ ತೆರಿಗೆ ರಸೀತಿಯನ್ನೂ ಕೊಡುತ್ತದೆ. ಅಮೆರಿಕದ ತೆರಿಗೆ ಕಾನೂನು ಇದನ್ನು ಒಪ್ಪುವುದಿಲ್ಲ. ಗುರುತಿಸಿದ ವ್ಯಕ್ತಿಗೆಂದು ಕೊಟ್ಟದ್ದು ಉಡುಗೊರೆಯೇ ಹೊರತು ದಾನವಲ್ಲ, ನಡುವೆ ಚರ್ಚ್ ಇದ್ದ ಮಾತ್ರಕ್ಕೆ ಅದು ಬದಲಾಗುವುದಿಲ್ಲ.

ಸರಿಯಾದ ದಾರಿ ಹೀಗಿದೆ. ಚರ್ಚಿನ ಆಡಳಿತ ಮಂಡಳಿ ಸಾಮಾನ್ಯವಾದ ಒಂದು ದತ್ತು ನಿಧಿ ತೆರೆಯುತ್ತದೆ. ಯಾರು ಅರ್ಜಿ ಹಾಕಬಹುದು, ಗರಿಷ್ಠ ಎಷ್ಟು ಕೊಡಬಹುದು ಎಂದು ಬರೆದಿಡುತ್ತದೆ. ಕುಟುಂಬಕ್ಕೆ ಕೊಡಬೇಕೋ ಬೇಡವೋ ಎಂಬ ತೀರ್ಮಾನ ದಾನಿಯ ಕೈಯಲ್ಲಿರದೆ ಮಂಡಳಿಯ ಕೈಯಲ್ಲಿರುತ್ತದೆ. ಹಣ ಕುಟುಂಬದ ಖಾತೆಗೆ ಹೋಗುವುದಿಲ್ಲ, ಏಜೆನ್ಸಿಯ ಬಿಲ್ ನೋಡಿ ಏಜೆನ್ಸಿಗೇ ಹೋಗುತ್ತದೆ. ದತ್ತು ಮುರಿದುಬಿದ್ದರೆ ಉಳಿದ ಹಣ ನಿಧಿಯಲ್ಲೇ ಇದ್ದು ಮುಂದಿನ ಕುಟುಂಬಕ್ಕೆ ಸಿಗುತ್ತದೆ. ದತ್ತು ಪಡೆಯುವ ದಂಪತಿ ತಮ್ಮ ದಶಮಾಂಶವನ್ನು (ಆದಾಯದ ಹತ್ತನೇ ಒಂದು ಪಾಲಿನ ಕಾಣಿಕೆಯನ್ನು) ಇದೇ ನಿಧಿಗೆ ಹಾಕಿ ಅದನ್ನೇ ನೆರವೆಂದು ಹಿಂದೆ ಪಡೆದು ರಸೀತಿಯನ್ನೂ ಇಟ್ಟುಕೊಳ್ಳುವುದು ಸುಳ್ಳು ಲೆಕ್ಕ, ಅದಕ್ಕೆ ಕೈ ಹಾಕಬಾರದು. ಇಷ್ಟೆಲ್ಲ ಬರೆದಿಡುವ ಶಕ್ತಿ ಸಣ್ಣ ಸಭೆಗಳಿಗೆ ಇಲ್ಲದಿದ್ದರೆ, ಲೈಫ್‌ಸಾಂಗ್ ಫಾರ್ ಆರ್ಫನ್ಸ್‌ನಂಥ ಸಂಸ್ಥೆಗಳ ಮೂಲಕ ನಡೆಸಬಹುದು. ಸಮುದಾಯ ಸಂಗ್ರಹಿಸಿದ್ದಕ್ಕೆ ತಾವೂ ಸೇರಿಸಿ ಕೊಡುವ ಪದ್ಧತಿ ಅಲ್ಲಿದೆ.

ಅನುದಾನ ಕೊಡುವವರಲ್ಲಿ ಹೆಚ್ಚು ಹೆಸರಾದದ್ದು ಶೋ ಹೋಪ್, ಗಾಯಕ ಸ್ಟೀವನ್ ಕರ್ಟಿಸ್ ಚಾಪ್ಮನ್ ದಂಪತಿ 2003ರಲ್ಲಿ ಕಟ್ಟಿದ ಸಂಸ್ಥೆ. ಇಂಥ ಅನುದಾನಗಳಿಗೆ ಸಾಮಾನ್ಯವಾಗಿ ಹೋಮ್ ಸ್ಟಡಿ ಮುಗಿದಿರಬೇಕು. ಅಂದರೆ ಮೊದಲ ಹಂತದ ಹಣ ಕುಟುಂಬದ್ದೇ ಆಗಿರಬೇಕು. ಕೆಲವು ಕ್ರೈಸ್ತ ನಿಧಿಗಳು ಪಾಸ್ಟರ್ ಪತ್ರ, ವಿಶ್ವಾಸದ ಹೇಳಿಕೆ, ವಿವಾಹಿತರಾಗಿರುವ ಷರತ್ತು ಇಡುತ್ತವೆ. ಧರ್ಮ ಕೇಳದ ನಿಧಿಗಳೂ ಇವೆ, ಕ್ರೈಸ್ತ ಕುಟುಂಬಗಳು ಅವನ್ನು ಮರೆತುಬಿಡುವುದು ಹೆಚ್ಚು. ಹೋಮ್ ಸ್ಟಡಿ ಕೈಸೇರಿದ ವಾರವೇ ಎರಡೂ ಬಗೆಯ ನಿಧಿಗಳಿಗೆ ಅರ್ಜಿ ಹೋಗಬೇಕು, ಏಕೆಂದರೆ ವರ್ಷಕ್ಕೆ ಕೆಲವೇ ಬಾರಿ ತೀರ್ಮಾನ ಮಾಡುವ ನಿಧಿಗಳಿವೆ ಮತ್ತು ಈಗಾಗಲೇ ಕಟ್ಟಿದ ಬಿಲ್‌ಗೆ ಹಣ ಕೊಡುವವರು ವಿರಳ.

ಹಣ ಸಂಗ್ರಹದ ದಾರಿಗಳಲ್ಲಿ ನಮಗೆ ತುಂಬ ಹಿಡಿಸಿದ್ದು ಬೋತ್ ಹ್ಯಾಂಡ್ಸ್ ಎಂಬ ಕ್ರೈಸ್ತ ಸಂಸ್ಥೆಯ ಪದ್ಧತಿ. ದತ್ತು ಪಡೆಯುವ ಕುಟುಂಬ ಗೆಳೆಯರ ತಂಡ ಕಟ್ಟಿ ಒಂದು ದಿನ ಒಬ್ಬ ವಿಧವೆಯ ಮನೆ ರಿಪೇರಿ ಮಾಡಿಕೊಡುತ್ತದೆ. ಆ ದಿನದ ದುಡಿಮೆಗೆ ಪರಿಚಿತರು ಕೊಡುವ ಹಣ ದತ್ತಿಗೆ ಹೋಗುತ್ತದೆ. ಯಾಕೋಬನ ಪತ್ರಿಕೆಯ 1:27ನೇ ವಚನವನ್ನು ದತ್ತಿನ ಸಂದರ್ಭದಲ್ಲಿ ಎಲ್ಲರೂ ಹೇಳುತ್ತಾರೆ. ಅಲ್ಲಿ ಅನಾಥರ ಪಕ್ಕದಲ್ಲೇ ವಿಧವೆಯರೂ ಇದ್ದಾರೆ. ಗಂಡನಿಲ್ಲದ ತಾಯಿ ಬಡತನದಿಂದ ಮಗುವನ್ನು ಬಿಡಬೇಕಾದ ಸ್ಥಿತಿಯೂ ಆ ವಚನದ ಚಿಂತೆಯೊಳಗೇ ಬರುತ್ತದೆ.

ಆನ್‌ಲೈನ್ ಸಂಗ್ರಹದಲ್ಲಿ ಒಂದು ಎಚ್ಚರಿಕೆ. ನಿಗದಿಯಾದ ಮಗುವಿನ ಫೋಟೊ, ಹೆಸರು, ಊರು, ಕಾಯಿಲೆ ಹಾಕಿದರೆ ಹಣ ಬೇಗ ಬರುತ್ತದೆ ಎಂಬುದು ನಿಜ. ಆದರೆ ಭಾರತದ ಬಾಲನ್ಯಾಯ ಕಾಯ್ದೆ 2015ರ ಸೆಕ್ಷನ್ 74 ಆಶ್ರಯದಲ್ಲಿರುವ ಮಗುವಿನ ಗುರುತು ಬಹಿರಂಗಪಡಿಸುವುದನ್ನು ನಿಷೇಧಿಸುತ್ತದೆ. ಆರು ತಿಂಗಳವರೆಗೆ ಸೆರೆ, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾನೂನು ಬದಿಗಿರಲಿ, ಆ ಮಗು ಹದಿನೈದು ವರ್ಷದವಳಾದಾಗ ತನ್ನ ಸೀಳುತುಟಿಯ ಚಿತ್ರ ಹಣ ಕೇಳುವ ಪುಟದಲ್ಲಿ ಇನ್ನೂ ಇರುವುದನ್ನು ನೋಡುತ್ತಾಳೆ. ಕುಟುಂಬದ ಫೋಟೊ ಹಾಕಿ, ಅಷ್ಟು ಸಾಕು.

ತೆರಿಗೆ ಕ್ರೆಡಿಟ್ ಯಾವಾಗ, ಎಷ್ಟು

2025ರ ತೆರಿಗೆ ವರ್ಷಕ್ಕೆ ಅಮೆರಿಕದ ದತ್ತು ತೆರಿಗೆ ಕ್ರೆಡಿಟ್‌ನ ಗರಿಷ್ಠ ಮಿತಿ ಮಗುವಿಗೆ 17,280 ಡಾಲರ್. ಆದಾಯ 259,190 ಡಾಲರ್ ದಾಟಿದ ಮೇಲೆ ಅದು ಕರಗುತ್ತ ಹೋಗಿ 299,190ಕ್ಕೆ ಪೂರ್ತಿ ಇಲ್ಲವಾಗುತ್ತದೆ. ಈ ಅಂಕಿಗಳು ವರ್ಷವರ್ಷ ಬೆಲೆಯೇರಿಕೆಗೆ ತಕ್ಕಂತೆ ಬದಲಾಗುತ್ತವೆ. 2025ರ ಜುಲೈನಲ್ಲಿ ಜಾರಿಗೆ ಬಂದ ಕಾನೂನು ಒಂದು ಮುಖ್ಯ ಬದಲಾವಣೆ ತಂದಿತು: ಇದರಲ್ಲಿ 5,000 ಡಾಲರ್‌ವರೆಗೆ ತೆರಿಗೆ ಬಾಕಿ ಇಲ್ಲದವರಿಗೂ ನಗದಾಗಿ ವಾಪಸ್ ಬರುತ್ತದೆ. 2010 ಮತ್ತು 2011ರಲ್ಲಿ ಪೂರ್ತಿ ಕ್ರೆಡಿಟ್ಟೇ ಹಾಗಿತ್ತು, ಆಮೇಲೆ ಆ ಅನುಕೂಲ ಹೋಗಿತ್ತು. ಮಕ್ಕಳು ಹೆಚ್ಚಿರುವ, ಒಬ್ಬರೇ ದುಡಿಯುವ ಮನೆಗಳಿಗೆ ತೆರಿಗೆ ಬಾಕಿಯೇ ಕಡಿಮೆ, ಹಾಗಾಗಿ ಕಾಗದದ ಮೇಲೆ ದೊಡ್ಡದಾಗಿ ಕಂಡ ಕ್ರೆಡಿಟ್ ಅವರ ಕೈಗೆ ಸಿಗುತ್ತಿರಲಿಲ್ಲ.

ವರ್ಷಕ್ಕೆ 4,500 ಡಾಲರ್ ಆದಾಯ ತೆರಿಗೆ ಬರುವ ಕುಟುಂಬದ ಲೆಕ್ಕ ನೋಡಿ. ಮೊದಲ ವರ್ಷ 5,000 ನಗದು, ಜೊತೆಗೆ 4,500 ತೆರಿಗೆ ಮಾಫಿ. ಉಳಿದ 7,780 ಮುಂದಿನ ವರ್ಷಗಳಿಗೆ ಹೋಗುತ್ತದೆ, ಹೀಗೆ ಐದು ವರ್ಷ ಒಯ್ಯಬಹುದು. ಎರಡನೇ ವರ್ಷ 4,500, ಮೂರನೇ ವರ್ಷ 3,280. ಪೂರ್ತಿ ಕೈಸೇರಲು ಮೂರು ರಿಟರ್ನ್ ಬೇಕು. ಈ ಹಣವನ್ನೇ ನಂಬಿ 18 ಶೇಕಡಾ ಬಡ್ಡಿಯ ಕ್ರೆಡಿಟ್ ಕಾರ್ಡಿನಲ್ಲಿ ಏಜೆನ್ಸಿಯ ಕಂತು ಕಟ್ಟಿದವರಿಗೆ ಕ್ರೆಡಿಟ್‌ನ ಗಣನೀಯ ಪಾಲು ಬಡ್ಡಿಗೇ ಹೋಗುತ್ತದೆ.

ವಿದೇಶಿ ಮಗುವಿನ ವಿಷಯದಲ್ಲಿ ಇನ್ನೊಂದು ಕಠಿಣ ಷರತ್ತಿದೆ. ದತ್ತು ಅಂತಿಮವಾದ ವರ್ಷದಲ್ಲೇ, ಹಿಂದಿನ ವರ್ಷಗಳ ಖರ್ಚೂ ಸೇರಿ, ಕ್ರೆಡಿಟ್ ಕೇಳಬೇಕು. ಅಂತಿಮವಾಗದೆ ಮುರಿದುಬಿದ್ದರೆ ಒಂದು ಡಾಲರೂ ಸಿಗದು. ಅಮೆರಿಕದೊಳಗಿನ ದತ್ತು ಮುರಿದರೆ ಕ್ರೆಡಿಟ್ ಸಿಗುತ್ತದೆ, ವಿದೇಶದ್ದಕ್ಕೆ ಇಲ್ಲ. ವಿಶೇಷ ಅಗತ್ಯದ ಮಗುವಿಗೆ ಖರ್ಚು ತೋರಿಸದೆಯೂ ಪೂರ್ತಿ ಕ್ರೆಡಿಟ್ ಎಂಬ ಮಾತನ್ನು ಕೇಳಿ ಹಲವರು ಮೋಸಹೋಗುತ್ತಾರೆ. ಆ ನಿಯಮ ಅಮೆರಿಕದ ಮಕ್ಕಳಿಗೆ ಮಾತ್ರ. ಅನುದಾನ ಸಂಸ್ಥೆ ನೇರವಾಗಿ ಏಜೆನ್ಸಿಗೆ ಕಟ್ಟಿದ್ದನ್ನು ನಿಮ್ಮ ಖರ್ಚೆಂದು ತೋರಿಸಬೇಡಿ. ಮೇಲಿನ ಮಾದರಿಯಲ್ಲಿ 8,000 ಅನುದಾನದಿಂದ ಬಂದರೂ ಕುಟುಂಬದ್ದೇ ಖರ್ಚು 30,520 ಉಳಿಯುತ್ತದೆ, ಮಿತಿ ತಲುಪಲು ಅದು ಬೇಕಾದಷ್ಟಾಯಿತು. ಪ್ರಯಾಣ, ಊಟ, ವಸತಿ ಲೆಕ್ಕಕ್ಕೆ ಬರುತ್ತವೆ, ರಸೀತಿ ಇಡಿ. ಈ ಕ್ರೆಡಿಟ್ ಕೇಳುವ ಫಾರ್ಮ್ 8839 ತುಂಬುವಾಗ ಮಗುವಿನ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇನ್ನೂ ಬಂದಿರದಿದ್ದರೆ ರಿಟರ್ನ್‌ಗೆ ಕಾಲಾವಕಾಶ ಕೇಳಿ ಕಾಯುವುದು ಲೇಸು.

ಉದ್ಯೋಗದಾತ ಕಂಪನಿ ದತ್ತು ನೆರವು ಕೊಟ್ಟರೆ ಅದರ ಮೇಲೆ ಅದೇ 17,280ರವರೆಗೆ ಆದಾಯ ತೆರಿಗೆಯಿಲ್ಲ. ಒಂದೇ ಖರ್ಚಿಗೆ ಎರಡನ್ನೂ ಬಳಸುವಂತಿಲ್ಲ, ಬೇರೆಬೇರೆ ಖರ್ಚಿಗೆ ಎರಡೂ ಸಲ್ಲುತ್ತವೆ. ನಿವೃತ್ತಿ ನಿಧಿಯಿಂದ ತಂದೆ ತಾಯಿ ತಲಾ 5,000 ಡಾಲರ್‌ವರೆಗೆ 10 ಶೇಕಡಾ ದಂಡವಿಲ್ಲದೆ ತೆಗೆಯಬಹುದು. ಆದರೆ ದತ್ತು ಅಂತಿಮವಾದ ನಂತರದ ಒಂದು ವರ್ಷದೊಳಗೆ ಮಾತ್ರ. ಮುಂಗಡಕ್ಕೆ ಅದು ಒದಗದು, ದತ್ತಿಗೆಂದು ಮೊದಲೇ ಪಡೆದ ಬಡ್ಡಿರಹಿತ ಸಾಲವಿದ್ದರೆ ಅದನ್ನು ತೀರಿಸಲು ಒದಗುತ್ತದೆ. ಸಾಲ ಮಾಡುವುದಿದ್ದರೆ ಹೋಮ್ ಸ್ಟಡಿಯವರಿಗೆ ಮೊದಲೇ ತಿಳಿಸಿ. ವರದಿ ಬರೆದ ಮೇಲೆ ತಲೆಯೆತ್ತುವ ಸಾಲ ತಿದ್ದುಪಡಿಗೆ ದಾರಿ.

ಭಾರತದ ಕಡೆ ಒಂದು ರೂಪಾಯಿಯೂ ಹೆಚ್ಚಲ್ಲ

ನಿಗದಿತ 5,000 ಡಾಲರ್ ಬಿಟ್ಟರೆ ದತ್ತು ಕೇಂದ್ರಕ್ಕೆ ದಾನ, ಉಡುಗೊರೆ, ಕಟ್ಟಡ ನಿಧಿ ಯಾವುದನ್ನೂ ದತ್ತಿನ ನೆಪದಲ್ಲಿ ಕೊಡುವಂತಿಲ್ಲ, ಕೇಂದ್ರ ಪಡೆಯುವಂತಿಲ್ಲ. ದೇಶದಿಂದ ದೇಶಕ್ಕೆ ನಡೆಯುವ ದತ್ತಿನ ಕುರಿತ 1993ರ ಹೇಗ್ ಒಪ್ಪಂದಕ್ಕೆ ಭಾರತ 2003ರಲ್ಲಿ ಸೇರಿತು. ನಿಜವಾದ ವೆಚ್ಚ ಮತ್ತು ಸಮಂಜಸ ಶುಲ್ಕ ಬಿಟ್ಟು ಬೇರೆ ಲಾಭವನ್ನು ಅದರ 32ನೇ ವಿಧಿ ನಿಷೇಧಿಸುತ್ತದೆ. ಮಕ್ಕಳನ್ನು ಮಾರುವುದು, ಕೊಳ್ಳುವುದು ಬಾಲನ್ಯಾಯ ಕಾಯ್ದೆಯಲ್ಲಿ ಐದು ವರ್ಷದವರೆಗೆ ಕಠಿಣ ಸಜೆಯ ಅಪರಾಧ.

ಇಷ್ಟು ಬಿಗಿ ಯಾಕೆ ಎಂಬುದಕ್ಕೆ ನಮ್ಮ ನೆರೆಯಲ್ಲೇ ಉತ್ತರವಿದೆ. 1990ರ ದಶಕದ ಕೊನೆ ಮತ್ತು 2001ರಲ್ಲಿ ಅಂದಿನ ಆಂಧ್ರಪ್ರದೇಶದ ಲಂಬಾಣಿ ತಾಂಡಾಗಳಲ್ಲಿ ದಲ್ಲಾಳಿಗಳು ಬಡ ತಾಯಂದಿರಿಂದ ಹೆಣ್ಣು ಶಿಶುಗಳನ್ನು ಅಲ್ಪ ಹಣಕ್ಕೆ ಪಡೆದು ದತ್ತು ಕೇಂದ್ರಗಳಿಗೆ ದಾಟಿಸಿದ್ದು ಬಯಲಾಯಿತು. ಆ ತುದಿಯಲ್ಲಿದ್ದ ವಿದೇಶಿ ಪೋಷಕರಿಗೆ ಕೆಟ್ಟ ಉದ್ದೇಶವಿರಲಿಲ್ಲ. ಅವರ ಡಾಲರ್ ಈ ತುದಿಯಲ್ಲಿ ಬೇಡಿಕೆ ಹುಟ್ಟಿಸಿತು. ಅನಾಥಾಲಯಕ್ಕೆ ನೆರವಾಗುವ ಮನಸ್ಸು ಸಭೆಗಿದ್ದರೆ ದತ್ತು ಮುಗಿದು, ವರದಿಗಳೆಲ್ಲ ಸಲ್ಲಿಕೆಯಾದ ಮೇಲೆ, ಆ ಮಗುವಿಗೆ ಸಂಬಂಧವಿರದ ಸಂಸ್ಥೆಗೆ ಕೊಡಲಿ. ಆ ಸಂಸ್ಥೆಗೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಇರಬೇಕು, ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ತಾಯಿ-ಮಗು ಒಟ್ಟಿಗೆ ಉಳಿಯಲು ಕೆಲಸ ಮಾಡುವ ಸಂಸ್ಥೆಯಾದರೆ ಇನ್ನೂ ಒಳ್ಳೆಯದು.

ಕನ್ನಡಿಗ ಕ್ರೈಸ್ತರು ಎಡವುವ ಕಡೆ

ಅಮೆರಿಕದಲ್ಲಿ ನೆಲೆಸಿದ ಮಂಗಳೂರು, ಉಡುಪಿ, ಬೆಂಗಳೂರು ಕಡೆಯ ಕ್ರೈಸ್ತ ಕುಟುಂಬಗಳು ಊರಿನ ನೆಂಟರ ಮಗುವನ್ನು ನೋಟರಿ ಪತ್ರದ ಮೇಲೆ ದತ್ತು ತೆಗೆದುಕೊಂಡರೆ ಆಯಿತೆಂದು ಎಣಿಸುವುದುಂಟು. 1956ರ ಹಿಂದೂ ದತ್ತು ಕಾಯ್ದೆ ಕ್ರೈಸ್ತರಿಗೆ ಅನ್ವಯಿಸುವುದಿಲ್ಲ. 2000ದ ಬಾಲನ್ಯಾಯ ಕಾಯ್ದೆ ಬರುವವರೆಗೆ ಅವರಿಗಿದ್ದದ್ದು 1890ರ ಕಾಯ್ದೆಯ ಪಾಲಕತ್ವ ಮಾತ್ರ. ಯಾವ ಧರ್ಮದವರೂ ಬಾಲನ್ಯಾಯ ಕಾಯ್ದೆಯಡಿ ದತ್ತು ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಶಬನಂ ಹಾಶ್ಮಿ ಪ್ರಕರಣದಲ್ಲಿ ಹೇಳಿತು. ಆದ್ದರಿಂದ ನೆಂಟರ ಮಗುವಾದರೂ ಕಾರಾ ಮೂಲಕವೇ ಹೋಗಬೇಕು. ಕಾರಾದ ನಿರಾಕ್ಷೇಪಣಾ ಪತ್ರ, 2022ರ ಸೆಪ್ಟೆಂಬರ್‌ನಿಂದ ನ್ಯಾಯಾಲಯದ ಬದಲು ಜಿಲ್ಲಾಧಿಕಾರಿ ಹೊರಡಿಸುವ ದತ್ತು ಆದೇಶ, ಎರಡೂ ಬೇಕು. ನೋಟರಿ ಪತ್ರಕ್ಕೆ ಖರ್ಚಾದದ್ದು ಪೂರ್ತಿ ನಷ್ಟ.

ವೀಸಾ ಸ್ಥಿತಿಯನ್ನೂ ನೋಡಿ. ಐ-800ಎ ಸಲ್ಲಿಸಲು ದಂಪತಿಯಲ್ಲಿ ಒಬ್ಬರಾದರೂ ಅಮೆರಿಕದ ಪ್ರಜೆಯಾಗಿರಬೇಕು. ಇಬ್ಬರೂ ಎಚ್-1ಬಿ ಅಥವಾ ಗ್ರೀನ್ ಕಾರ್ಡಿನಲ್ಲಿದ್ದರೆ ಆ ದಾರಿ ಇಲ್ಲ. ಆಗ ಮಗುವನ್ನು ಅಮೆರಿಕಕ್ಕೆ ಕರೆತರಲು ಅದರೊಂದಿಗೆ ಎರಡು ವರ್ಷದ ಕಾನೂನುಬದ್ಧ ಸುಪರ್ದಿ ಮತ್ತು ಸಹವಾಸ ತೋರಿಸುವ ಷರತ್ತು ಎದುರಾಗುತ್ತದೆ. ಅಂದರೆ ಒಬ್ಬರು ಕೆಲಸ ಬಿಟ್ಟು ಭಾರತದಲ್ಲಿರಬೇಕಾಗಬಹುದು, ಆ ಖರ್ಚು ಮೇಲಿನ ಇಡೀ ಪಟ್ಟಿಯನ್ನೇ ಮೀರುತ್ತದೆ.

ಮಗು ವಿಮಾನ ಇಳಿದ ಮೇಲೂ ಗಡುವುಗಳಿವೆ. ಉದ್ಯೋಗದ ಆರೋಗ್ಯ ವಿಮೆಗೆ ಸೇರಿಸಲು ಸಾಮಾನ್ಯವಾಗಿ 30 ದಿನ ಮಾತ್ರ. ಮೊದಲೇ ಇದ್ದ ಕಾಯಿಲೆಯೆಂದು ವಿಮೆ ನಿರಾಕರಿಸುವಂತಿಲ್ಲ, ಆದರೆ ಗಡುವು ತಪ್ಪಿದರೆ ಮುಂದಿನ ನೋಂದಣಿ ಕಾಲದವರೆಗೆ ಕಾಯಬೇಕಾದೀತು. ಹೃದಯದ ಶಸ್ತ್ರಚಿಕಿತ್ಸೆ ಅಥವಾ ಸೀಳುತುಟಿಯ ಸರಣಿ ಚಿಕಿತ್ಸೆ ಬೇಕಿರುವ ಮಗುವಾದರೆ ವಿಮೆಯ ವಾರ್ಷಿಕ ಸ್ವಂತ ಪಾವತಿ ಮಿತಿಯನ್ನು ಮೊದಲ ವರ್ಷದ ಬಜೆಟ್ಟಿನಲ್ಲೇ ಬರೆದುಕೊಳ್ಳಿ. 2025ರಲ್ಲಿ ಕಾನೂನು ಒಪ್ಪುವ ಗರಿಷ್ಠ ಒಬ್ಬರಿಗೆ 9,200, ಕುಟುಂಬಕ್ಕೆ 18,400 ಡಾಲರ್. ಪೌರತ್ವಕ್ಕೆ ಪ್ರತ್ಯೇಕ ಖರ್ಚಿಲ್ಲ: ಭಾರತದಲ್ಲೇ ದತ್ತು ಪೂರ್ಣಗೊಂಡು ಐಎಚ್-3 ವೀಸಾದಲ್ಲಿ ಬರುವ ಮಗು ಪೋಷಕರ ಜೊತೆ ಅಮೆರಿಕ ಪ್ರವೇಶಿಸುತ್ತಲೇ ಪ್ರಜೆಯಾಗುತ್ತದೆ, ಪ್ರಮಾಣಪತ್ರ ಅಂಚೆಯಲ್ಲಿ ಬರುತ್ತದೆ. ಕಾರಾಗೆ ಮೊದಲ ವರ್ಷ ಮೂರು ತಿಂಗಳಿಗೊಂದು, ಎರಡನೇ ವರ್ಷ ಆರು ತಿಂಗಳಿಗೊಂದು, ಒಟ್ಟು ಆರು ವರದಿ ಫೋಟೊ ಸಹಿತ ಹೋಗಬೇಕು. ಹಣ ಮುಂಗಡ ಕಟ್ಟಿದ್ದರೂ ಸಮಾಜ ಕಾರ್ಯಕರ್ತರ ಭೇಟಿಯ ದಿನ ಗೊತ್ತುಮಾಡುವುದು ಪೋಷಕರ ಕೆಲಸ. ಊರಿಗೆ ಬಂದ ವಾರವೇ ಆರೂ ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.